ತುದಿಯ ನೀಲಿ

ಮೀನಿನವಳು ಚಾಕುಗಳನ್ನು ವಾಪಸ್ ತಂದ ದಿನವೇ ಮನೆಯಲ್ಲಿ ಅನ್ನವೂ ತಳ ಹಿಡಿದಿತ್ತು. ಯಾವುದಕ್ಕೆ ಮೊದಲು ಮುಖ ಬಾಡಿಸಿಕೊಳ್ಳಬೇಕೆಂದು ತಿಳಿಯದೆ ಸೊಸೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

ಮೀನಿನವಳು ಚೀಲವನ್ನು ಹೊಸ್ತಿಲ ಮೇಲೆ ಇಳಿಸಿ ಒಂದು ಚಾಕು ಹೊರತೆಗೆದಳು. ಅದರ ಅಂಚನ್ನು ತನ್ನ ಹೆಬ್ಬೆರಳ ಉಗುರಿನ ಮೇಲೆ ಎಳೆದು ತೋರಿಸಿದಳು. ಕಚ್ಚಲಿಲ್ಲ, ಜಾರಿತು.

"ನೋಡಮ್ಮ. ಇದು ಮೀನು ಕತ್ತರಿಸಲ್ಲ, ಮೀನಿಗೆ ಮಾಲೀಶು ಮಾಡುತ್ತೆ. ಸತ್ತ ಮೀನು ಎದ್ದು ಕೂತು ಆಹಾ ಅನ್ನೋದೊಂದು ಬಾಕಿ."

"ಮಸೆದು ನೋಡಿದ್ರಾ ಅಕ್ಕ?"

"ಬೆಳಗ್ಗೆ ಮಸೀತೀನಿ, ಮಧ್ಯಾಹ್ನ ಮಸೀತೀನಿ. ಮಸೆಯೋದೇ ಕಸುಬಾದ್ರೆ ಮೀನು ಮಾರೋರು ಯಾರು? ನಿಮ್ಮ ಮಾವನ ಚಾಕು ಅಂದ್ರೆ ನಮ್ಮ ಸಾಲಿನವರೆಲ್ಲ ಕಣ್ಣು ಮುಚ್ಚಿಕೊಂಡು ತಗೋತಿದ್ವಿ. ಈಗ ಕಣ್ಣು ಬಿಡೋ ಹಾಗಾಯ್ತು."

ಅವಳು ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು. ನೀರು ಕೇಳಿ ಕುಡಿದು, "ಇನ್ನೊಂದು ಸಲ ನೋಡ್ತೀನಿ, ಹಳೇ ಋಣಕ್ಕೆ" ಅಂದು ಎದ್ದು ಹೋದಳು.

ಆ ಮನೆಯಲ್ಲಿ ಒಂದೊಂದು ಚಾಕುವೂ ಎಲ್ಲರ ಕೈ ದಾಟಿಯೇ ಹೊರಗೆ ಹೋಗಬೇಕು. ಗಂಡ ಉಕ್ಕಿನ ಹಾಳೆಯಿಂದ ಆಕಾರ ಕತ್ತರಿಸಿ ಹಿಡಿಗೆ ತೂತು ಕೊರೆಯುತ್ತಾನೆ. ಅತ್ತೆ ಹಿತ್ತಲಿನ ಕುಲುಮೆಯಲ್ಲಿ ಅದನ್ನು ಕೆಂಪಗೆ ಕಾಸಿ, ಎಣ್ಣೆಯಲ್ಲಿ ಅದ್ದಿ, ಹದ ಹಾಕುತ್ತಾರೆ. ಹಾಗೆ ಗಟ್ಟಿಯಾದ ಅಲಗನ್ನು ಮಾವ ಮರಳುಕಾಗದದ ಪಟ್ಟಿ ಓಡುವ ಬೆಲ್ಟ್ ಗ್ರೈಂಡರಿಗೆ ಹಿಡಿದು, ಎರಡೂ ಮಗ್ಗುಲು ಇಳಿಜಾರು ಕೊಟ್ಟು ಅಂಚು ತೆಗೆಯುತ್ತಾರೆ. ಹಿಡಿ ಕೂರಿಸಿ, ತೊಳೆದು, ಎಣ್ಣೆ ಸವರಿ, ಕಾಗದ ಸುತ್ತುವುದು ಸೊಸೆಯ ಪಾಲು. ಉಕ್ಕಿನ ಪುಡಿ ಹಾಸಿಗೆಯಲ್ಲಿ, ಟವೆಲಿನಲ್ಲಿ, ಮಗುವಿನ ಕಿವಿಯ ಹಿಂದೆ, ಎಲ್ಲ ಕಡೆ ಇರುತ್ತದೆ. ಬಿಳಿ ಬಟ್ಟೆ ತೊಡುವ ಆಸೆಯನ್ನು ಸೊಸೆ ಮದುವೆಯಾದ ವರ್ಷವೇ ಬಿಟ್ಟಿದ್ದಳು.

ಊಟಕ್ಕೆ ಕೂತಾಗ ಗಂಡ ವಾಪಸ್ ಬಂದ ಚಾಕುಗಳನ್ನು ತಟ್ಟೆಯ ಪಕ್ಕದಲ್ಲೇ ಹರಡಿಕೊಂಡ. "ಬೆಲ್ಟು ಹಳೇದಾಗಿತ್ತಾ ಅಪ್ಪ? ಹಳೇ ಬೆಲ್ಟು ಕತ್ತರಿಸಲ್ಲ, ಉಜ್ಜಿ ಉಜ್ಜಿ ಕಾಯಿಸುತ್ತೆ ಅಂತ ನೀನೇ ಹೇಳ್ತಿದ್ದೆ."

"ಮೊನ್ನೆ ತಾನೇ ಹಾಕಿದ್ದು. ಅನುಮಾನ ಇದ್ರೆ ನಿನ್ನ ಕೆನ್ನೆ ಹಿಡಿದು ನೋಡು."

"ಹಾಗಾದ್ರೆ ಅಂಚು ಯಾಕೆ ಮಡಚಿಕೊಳ್ತಿದೆ?"

ಮಾವ ಸೀದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. "ಹದ ಹಸಿಯಾಗಿದೆ. ಅವಳ ಕಣ್ಣಿಗೆ ಈಗ ಕೆಂಪು ಯಾವುದು ಕಿತ್ತಳೆ ಯಾವುದು ತಿಳಿಯಲ್ಲ. ಬೆಂಕಿಯಿಂದ ಬೇಗ ತೆಗೀತಾಳೆ."

ಅತ್ತೆ ಬಡಿಸುತ್ತಿದ್ದವರು ಹಾಗೇ ನಿಂತರು. ಸೊಸೆ ಅವರ ಮುಖ ನೋಡಿದಳು. ಈ ಹೆಂಗಸು ಸಾಮಾನ್ಯಕ್ಕೆ ಬಾಯಿ ಮುಚ್ಚಿಕೊಳ್ಳುವವರಲ್ಲ. ನಲ್ಲಿ ರಿಪೇರಿಯವನಿಗೂ, ಸ್ವಂತ ಅಣ್ಣನಿಗೂ ಒಂದೇ ತಕ್ಕಡಿಯಲ್ಲಿ ಉತ್ತರ ಕೊಟ್ಟವರು. ಈಗ ಮಾತ್ರ, "ಇರಬಹುದು" ಅಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಅಷ್ಟಕ್ಕೇ ತೀರ್ಮಾನವಾಯಿತು. ಮುಂದಿನ ಸರಕನ್ನು ರೈಲು ಹಳಿಯಾಚೆಯ ಕಾರ್ಖಾನೆಯ ಕುಲುಮೆಯಲ್ಲಿ ಹದ ಹಾಕಿಸುವುದೆಂದು ಗಂಡ ಹೇಳಿದ. "ಅಮ್ಮ, ನಿನಗೂ ವಯಸ್ಸಾಯ್ತು. ಹೊಗೆ ಕುಡಿದಿದ್ದು ಸಾಕು. ಆರಾಮಾಗಿರು."

"ಹೂಂ, ಆರಾಮಾಗಿರ್ತೀನಿ" ಅಂದರು ಅತ್ತೆ.

ಆರಾಮ ಅವರಿಗೆ ಒಗ್ಗಲಿಲ್ಲ. ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಹಿತ್ತಲಿಗೆ ಹೋಗಿ, ತಣ್ಣಗಿನ ಕುಲುಮೆಯ ಮುಂದೆ ಒಂದು ಗಳಿಗೆ ನಿಂತು, ಪೊರಕೆ ಹಿಡಿದುಕೊಂಡು ಬರುತ್ತಿದ್ದರು. ಗುಡಿಸಿದ್ದನ್ನೇ ಗುಡಿಸುವುದು, ಸೊಸೆ ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯುವುದು. ಹದಿನೆಂಟನೇ ವಯಸ್ಸಿನಿಂದ ಬೆಂಕಿಯ ಬಣ್ಣ ನೋಡುತ್ತಾ ಬಂದ ಕಣ್ಣು ಈಗ ಬೇಳೆಯಲ್ಲಿ ಕಲ್ಲು ಹುಡುಕುತ್ತಿತ್ತು. ಒಂದು ಕಲ್ಲೂ ಬಿಡುತ್ತಿರಲಿಲ್ಲ. ಸೊಸೆ ಅದನ್ನು ಗಮನಿಸಿದಳು. ಮಂಜಾದ ಕಣ್ಣಿಗೆ ಇಷ್ಟು ಸಣ್ಣ ಕಲ್ಲು ಹೇಗೆ ಕಾಣುತ್ತದೆ ಅಂದುಕೊಂಡಳೇ ಹೊರತು ಕೇಳಲಿಲ್ಲ.

ವಾಪಸ್ ಬಂದ ಚಾಕುಗಳಲ್ಲಿ ಒಂದನ್ನು ಅವಳು ಅಡುಗೆಗೆ ಇಟ್ಟುಕೊಂಡಿದ್ದಳು. ಎಸೆಯಲು ಮನಸ್ಸು ಬಂದಿರಲಿಲ್ಲ. ಒಂದು ಬೆಳಗ್ಗೆ ಈರುಳ್ಳಿ ಹೆಚ್ಚುವಾಗ ತುದಿ ಸಿಪ್ಪೆಯ ಮೇಲೆ ಜಾರಿ ಬೆರಳಿಗೇ ಬಂತು. ಸಿಟ್ಟಿಗೆ ಚಾಕುವಿನ ಬುಡದಿಂದ, ಹಿಡಿಯ ಹತ್ತಿರದಿಂದ, ಒತ್ತಿದಳು. ಈರುಳ್ಳಿ ಸರಕ್ಕನೆ ಎರಡು ಹೋಳಾಯಿತು. ಮತ್ತೆ ತುದಿಯಿಂದ ಒತ್ತಿದಳು, ಸಿಪ್ಪೆ ಸುಕ್ಕಾಯಿತು. ಬುಡದಿಂದ, ಎರಡು ಹೋಳು. ಅವಳು ಇದನ್ನೇ ಆಡುತ್ತಾ ಕೂತು, ಬೇಕಾದ್ದಕ್ಕಿಂತ ಜಾಸ್ತಿ ಈರುಳ್ಳಿ ಹೆಚ್ಚಿ ಹಾಕಿದಳು.

"ಇವತ್ತು ಯಾರಾದ್ರೂ ನೆಂಟರು ಬರ್ತಾರಾ?" ಅಂದ ಗಂಡ, ರಾಶಿ ನೋಡಿ.

"ರೀ, ಬೆಂಕಿಯಲ್ಲಿ ಹದ ಹಸಿಯಾದ್ರೆ ಇಡೀ ಚಾಕು ಹಸಿಯಾಗ್ಬೇಕಲ್ವಾ?"

"ಆಗ್ಬೇಕು."

"ಬುಡ ಗಟ್ಟಿ ಇದ್ದು ತುದಿ ಮಾತ್ರ ಮೆತ್ತಗಾಗೋದು ಹೇಗೆ?"

"ಬೆಂಕಿ ಒಂದೇ ಸಮ ಇರ್ಲಿಲ್ಲ ಅಂತ ಕಾಣುತ್ತೆ. ಅದಕ್ಕೇ ತಾನೇ ಹೊರಗೆ ಕೊಟ್ಟಿದ್ದು. ನೀನು ಈರುಳ್ಳಿ ಹೆಚ್ಚು, ಉಕ್ಕಿನ ಚಿಂತೆ ನಮಗಿರಲಿ." ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಸುಸ್ತಿನಿಂದ ಹೇಳಿದ್ದು. ಹೊರಗಿನ ಹದಕ್ಕೆ ಕೊಡುವ ದುಡ್ಡು ಹೊಂದಿಸಲು ಅವನು ಸಂಜೆ ಬೇರೊಂದು ಗ್ಯಾರೇಜಿಗೂ ಹೋಗುತ್ತಿದ್ದ. ಮನೆಗೆ ಬಂದರೆ ತಟ್ಟೆಯ ಮುಂದೆಯೇ ತೂಕಡಿಕೆ.

ಮನೆಯಲ್ಲಿ ಸುಸ್ತಿಲ್ಲದ ಜೀವ ಒಂದೇ, ಸೊಸೆಯ ಮಗಳು. ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಎಲ್ಲರೂ ಜೀರುಂಡೆ ಅಂತಲೇ ಕರೆಯುತ್ತಿದ್ದರು. ಸಂಜೆ ಚಹಾದ ಹೊತ್ತಿಗೆ ತಾತನಿಗೂ ಅವಳಿಗೂ ಒಂದು ಪಂದ್ಯ ನಡೆಯುತ್ತಿತ್ತು. ಕುದಿಯುವ ಚಹಾ ಬಗ್ಗಿಸಿದ ಸ್ಟೀಲ್ ಲೋಟವನ್ನು ಯಾರು ಹೆಚ್ಚು ಹೊತ್ತು ಹಿಡಿದಿರುತ್ತಾರೆ ಅಂತ. ಜೀರುಂಡೆ ಮುಟ್ಟಿ ಕೈ ಎಳೆದುಕೊಂಡು ಕಿವಿ ಹಿಡಿದುಕೊಳ್ಳುವಳು. ತಾತ ಲೋಟವನ್ನು ಅಂಗೈಯಲ್ಲಿಟ್ಟುಕೊಂಡು ಆರಾಮವಾಗಿ ಮಾತಾಡುವರು.

"ತಾತ ಮತ್ತೆ ಗೆದ್ರು. ಅಮ್ಮ, ತಾತನ ಕೈ ಕಬ್ಬಿಣದ್ದು."

"ಬೆಲ್ಟಿನ ಮುಂದೆ ಬೆಳೆದ ಕೈ ಕಣೇ" ಅಂದರು ಮಾವ.

ಸೊಸೆ ಲೋಟ ಎತ್ತಿಕೊಳ್ಳಲು ಬಗ್ಗಿದಾಗ ಅವರ ಹೆಬ್ಬೆರಳು ಕಂಡಿತು. ಬಲಿತ ಬೊಬ್ಬೆ, ಒಡೆದು ಕೆಂಪಗಾಗಿತ್ತು.

"ಮಾವ, ಇದೇನು ಸುಟ್ಟಿದ್ದು?"

"ಯಾವುದು?" ಅವರು ಬೆರಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಮಡಚಿಕೊಂಡರು. "ಇದಾ. ಹಳೇದು."

ಅದು ಹಳೆಯದಲ್ಲ. ಸೊಸೆಗೆ ಒಂದೊಂದಾಗಿ ನೆನಪಿಗೆ ಬಂತು: ಬೆಳಗ್ಗೆ ಅತ್ತೆ ಮಾವನ ಅಂಗಿಯ ಗುಂಡಿ ಹಾಕುವುದು (ಮುದುಕರ ಸರಸ ಅಂತ ಅವಳು ಗಂಡನ ಹತ್ತಿರ ಹೇಳಿ ನಕ್ಕಿದ್ದಳು), ನೆಲಕ್ಕೆ ಬಿದ್ದ ನಾಣ್ಯವನ್ನು ಮಾವ ಕಾಲಿನಿಂದ ಸರಿಸಿ ಬಿಟ್ಟುಬಿಡುವುದು, ಊಟಕ್ಕೆ ಚಮಚ ಕೇಳಲು ಶುರುಮಾಡಿದ್ದು.

ಮದುವೆಯಾದ ಹೊಸದರಲ್ಲಿ ಅವಳು ಮಾವನಿಗೆ ಚರ್ಮದ ಕೈಗವಸು ಕೊಂಡು ತಂದಿದ್ದಳು. ಅವರು ನಕ್ಕು ಅದನ್ನು ಮೊಳೆಗೆ ನೇತುಹಾಕಿದ್ದರು. "ಇದನ್ನ ಹಾಕ್ಕೊಂಡು ಅಲಗು ಹಿಡಿಯೋದೂ ಒಂದೇ, ಕಣ್ಣು ಕಟ್ಟಿಕೊಂಡು ರಸ್ತೆ ದಾಟೋದೂ ಒಂದೇ. ಬೆರಳಿಗೆ ಬಿಸಿ ಗೊತ್ತಾಗ್ಬೇಕಮ್ಮ. ಬೆರಳು ಅಯ್ಯೋ ಅಂದ್ರೆ ನೀರಿಗೆ ಅದ್ದು. ಅಲ್ಲಿಗೂ ಒತ್ತಿದ್ಯೋ, ಅಂಚು ನೀಲಿ ತಿರುಗುತ್ತೆ. ತುದಿ ತೆಳು, ಮೊದಲು ಸುಡೋದು ಅದೇ. ನೀಲಿ ಬಂದ್ರೆ ಹದ ಸತ್ತ ಹಾಗೆ. ಆಮೇಲೆ ಆ ಬಣ್ಣ ಉಜ್ಜಿ ತೆಗೀಬಹುದು, ಹದ ವಾಪಸ್ ಬರಲ್ಲ. ಹೆಣಕ್ಕೆ ಪೌಡರ್ ಬಳಿದ್ರೆ ಎದ್ದು ಕೂರುತ್ತಾ?"

ಕಾರ್ಖಾನೆಯಿಂದ ಹದವಾಗಿ ಬಂದ ಸರಕಿಗೆ ಮಾವ ಅಂಚು ತೆಗೆಯಲು ಶುರುಮಾಡಿದ ದಿನ, ಸೊಸೆ ತೊಳೆಯುವ ಬಕೀಟನ್ನು ಎಂದಿಗಿಂತ ಹತ್ತಿರ ಇಟ್ಟುಕೊಂಡು ಕೂತಳು.

ಮಾವ ಅಲಗು ಹಿಡಿದು ನಿಲ್ಲುವ ರೀತಿ ನೋಡಲು ಇವತ್ತಿಗೂ ಚೆಂದ. ಮೊಣಕೈ ಎರಡನ್ನೂ ಪಕ್ಕೆಗೆ ಅಂಟಿಸಿ, ಅಲಗಿನ ಅಂಚು ಮೇಲೆ ಮಾಡಿ, ಎಡಗೈಯಲ್ಲಿ ಬುಡ ಹಿಡಿದು, ಬಲಗೈ ಬೆರಳುಗಳಿಂದ ಹಿಂದಿನಿಂದ ಒತ್ತಿ ಬೆಲ್ಟಿಗೆ ತಾಗಿಸುವರು. ಕೈ ಅಲ್ಲಾಡುವುದಿಲ್ಲ. ಸೊಂಟ ಮಾತ್ರ ತೊಟ್ಟಿಲಿನ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗುತ್ತದೆ, ಅಲಗು ಬುಡದಿಂದ ತುದಿಗೆ ಜಾರುತ್ತದೆ. ಬಾಗು ಬಂದಲ್ಲಿ ಬುಡವನ್ನು ಒಂಚೂರು ಎತ್ತುತ್ತಾರೆ, ಕಿಡಿ ಸಮನಾಗಿ ಇಳಿಯುತ್ತದೆ. ಎಡ ಮಗ್ಗುಲು ಒಂದು ಸಲ, ಬಲ ಮಗ್ಗುಲು ಒಂದು ಸಲ. ಅಂಚಿನ ನಟ್ಟನಡುವೆ ಗೀರಿದ ಗೆರೆಗೆ ಎರಡೂ ಕಡೆಯಿಂದ ಒಂದೇ ಸಮ ಬಂದು ನಿಲ್ಲುತ್ತಾರೆ. ಇದರಲ್ಲಿ ಯಾವುದೂ ಕೆಟ್ಟಿರಲಿಲ್ಲ.

ನೀರು ಮಾತ್ರ ತಪ್ಪಿತು. ಮೊದಲೆಲ್ಲ ಒಂದೊಂದು ಎಳೆತಕ್ಕೂ ಅದ್ದುತ್ತಿದ್ದವರು ಈಗ ಮಾತಾಡುತ್ತಾ, ಯೋಚಿಸುತ್ತಾ, ಎರಡು ಮೂರು ಎಳೆದುಬಿಡುತ್ತಿದ್ದರು. ಸೊಸೆ ನೋಡುತ್ತಿದ್ದಂತೆಯೇ ತುದಿಯಲ್ಲಿ ಒಣಹುಲ್ಲಿನ ಬಣ್ಣ ಬಂತು, ಕಂದು ಬಂತು, ನವಿಲುಗತ್ತಿನ ನೀಲಿ ಬಂತು.

ಮಾವನೂ ನೋಡಿದರು. ಯಂತ್ರ ನಿಲ್ಲಿಸಿದರು. ಒರಟು ಬೆಲ್ಟು ಬಿಚ್ಚಿ ನುಣುಪು ಬೆಲ್ಟು ಹಾಕಿದರು. ತುದಿಯನ್ನಷ್ಟೇ ಎರಡು ಸಲ ಸವರಿದರು. ನೀಲಿ ಹೋಯಿತು. ಅಲಗು ಬೆಳ್ಳಗೆ, ಅಮಾಯಕನಂತೆ, ಬಕೀಟಿಗೆ ಬಿತ್ತು.

"ಏನು ನೋಡ್ತಿದ್ದೀಯ? ತೊಳಿ" ಅಂದರು, ಅವಳ ಕಡೆ ತಿರುಗದೆ.

ಅವಳು ತೊಳೆದಳು.

ಅಡುಗೆಮನೆಯಲ್ಲಿ ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದರು. ಸೊಸೆ ಬಾಗಿಲು ಅರ್ಧ ಮುಂದೆ ಮಾಡಿ ಪಕ್ಕದಲ್ಲಿ ಕೂತಳು.

"ಅತ್ತೆ, ಮಾವನ ಬೆರಳಿಗೆ ಬಿಸಿ ಗೊತ್ತಾಗ್ತಿಲ್ಲ."

"ಸಿಪ್ಪೆ ದಪ್ಪ ಹೋಗ್ತಿದೆ ನೋಡು, ಈ ಚಾಕು ಯಾವುದಕ್ಕೂ ಆಗಲ್ಲ" ಅಂದರು ಅತ್ತೆ.

"ಅತ್ತೆ."

"ಗೊತ್ತು. ಹೋದ ಚಳಿಗಾಲದಿಂದ. ಜೋಮು ಹಿಡಿದಿದೆ ಅಂದ್ರು, ಬಿಸಿನೀರಲ್ಲಿ ಇಟ್ಕೊಂಡ್ರು, ಎಣ್ಣೆ ತಿಕ್ಕಿದೆ. ಹೋಗ್ಲಿಲ್ಲ. ಯಂತ್ರದ ನಡುಕ ಎಷ್ಟು ವರ್ಷ ತಿಂದಿದೆ ಆ ಕೈ."

"ಗೊತ್ತಿದ್ದೂ ಬೈಸ್ಕೊಂಡ್ರಾ?"

"ಹದಕ್ಕೆ ಬೈದ್ರು. ನನ್ನ ಹದ ಹೇಗಿದೆ ಅಂತ ನನಗೆ ಗೊತ್ತಿಲ್ವಾ?" ಅತ್ತೆ ಆಲೂಗಡ್ಡೆಯನ್ನು ನೀರಿಗೆ ಹಾಕಿದರು. "ನನ್ನಿಂದ ಕುಲುಮೆ ಕಿತ್ಕೊಂಡ್ರೆ ನನಗೆ ಇನ್ನೂ ನೂರು ಕೆಲಸ ಇದೆ. ಅವರನ್ನ ಆ ಯಂತ್ರದಿಂದ ಎಬ್ಬಿಸಿದ್ರೆ ಏನು ಉಳಿಯುತ್ತೆ? ಒಂದು ಗ್ಲಾಸು ನೀರು ಬಗ್ಗಿಸಿಕೊಳ್ಳೋಕೂ ಬರಲ್ಲ ಆ ಮನುಷ್ಯನಿಗೆ."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಇಲ್ಲಿ ನೆಲವೇ, ಹೂಂ, ನಾನು ಡೊಂಕು ಅಂತಿದೆ."

ಅತ್ತೆಗೆ ನಗು ಬಂತು, ತಡೆದುಕೊಂಡರು. "ಬಾಯಿ ಬಾಯಿ."

"ನಾಳೆ ಈ ಸರಕೂ ವಾಪಸ್ ಬಂದ್ರೆ? ಆಗ ಕಾರ್ಖಾನೆ ಬೆಂಕಿ ಹಸಿ. ಆಮೇಲೆ ಉಕ್ಕು ಕೆಟ್ಟದ್ದು. ಆಮೇಲೆ ಹಿಡಿ ಹಾಕೋ ಸೊಸೆ ಕಾಲ್ಗುಣ."

"ನೀನು ಯಾರಿಗೂ ಹೇಳಕೂಡದು. ಮಗನಿಗಂತೂ ಬೇಡ. ಮಾತು ಕೊಡು."

ಸೊಸೆ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಹಾಕಿದಳು. ಕೊನೆಗೆ ಕೊಟ್ಟಳು. ಅತ್ತೆ ಕೇಳಿದರೆ ಇಲ್ಲ ಅನ್ನುವುದು ಅವಳಿಗೆ ಇನ್ನೂ ಬಂದಿರಲಿಲ್ಲ. ಬಾಣಂತನದಲ್ಲಿ ಅವಳ ಬಟ್ಟೆ ಒಗೆದದ್ದು ಇದೇ ಕೈ.

ಅದರ ಮಾರನೆಯ ವಾರ ಗಂಡ ಇನ್ನೊಂದು ಸುದ್ದಿ ತಂದ. ಕುಲುಮೆ ಹೇಗೂ ಖಾಲಿ ನಿಂತಿದೆ. ಅದನ್ನು ಗುಜರಿಯವನಿಗೆ ಹಾಕಿದರೆ ಆ ಜಾಗದಲ್ಲಿ ತೂತು ಕೊರೆಯುವ ಯಂತ್ರ ಇಡಬಹುದು. ಗುಜರಿಯವನು ಮೊದಲೇ ಬಂದು ತಟ್ಟಿ ನೋಡಿ ಹೋಗಿದ್ದನಂತೆ.

"ಅಮ್ಮ, ನಿನಗೇನೂ ಬೇಜಾರಿಲ್ಲ ತಾನೇ?"

"ಕಬ್ಬಿಣಕ್ಕೆ ಯಾರಾದ್ರೂ ಅಳ್ತಾರಾ?" ಅಂದರು ಅತ್ತೆ.

ಮಾವ ಆ ಹೊತ್ತು ಚಮಚ ಕೆಳಗಿಟ್ಟು ಏನೋ ಹೇಳಲು ಬಾಯಿ ತೆರೆದರು. ಸೊಸೆ ಕಾದಳು. ಅವರು ನೀರು ಕುಡಿದು ಚಮಚ ಮತ್ತೆ ಎತ್ತಿಕೊಂಡರು.

ಗುಜರಿಯವನು ತಳ್ಳುಗಾಡಿ ತಂದ ಬೆಳಗ್ಗೆಯೇ ಮೀನಿನವಳೂ ಬರಬೇಕೆ. ಗಾಯದ ಮೇಲೆ ಬರೆ ಅಂದರೆ ಇದೇ. ಚೀಲ ಅದೇ, ಹೊಸ್ತಿಲು ಅದೇ.

"ಋಣ ತೀರ್ತು ತಾಯಿ. ನಮ್ಮ ಸಾಲಿನವರೆಲ್ಲ ಅಂಗಡಿ ಚಾಕು ತಗೊಳ್ಳೋದು ಅಂತ ಮಾತಾಡ್ಕೊಂಡ್ವಿ. ನನಗೂ ಸಂಕಟವೇ. ನಿಮ್ಮ ಮನೆ ನೀರು ರುಚಿ."

ಗಂಡ ಚೀಲವನ್ನು ಬಗ್ಗಿಸಿ ಒಂದೊಂದೇ ಅಂಚು ನೋಡಿದ. "ಕಾರ್ಖಾನೆಯವರೂ ಹೀಗೇ ಮಾಡಿದ್ರೆ ಹೇಗೆ? ಅಲ್ಲಿ ಎಲ್ಲ ಮೀಟರ್ ನೋಡಿ ಮಾಡ್ತಾರೆ."

"ಅಲ್ಲೂ ಹಸಿ" ಅಂದರು ಮಾವ ಯಂತ್ರದ ಹತ್ತಿರದಿಂದ. ಧ್ವನಿ ಸಣ್ಣದಾಗಿತ್ತು. "ಈಗಿನವರಿಗೆ ಬೆಂಕಿ ಗೊತ್ತಿಲ್ಲ."

"ಎರಡು ಬೆಂಕಿನೂ ಹಸಿ ಅಂದ್ರೆ ಉಕ್ಕೇ ಸರಿಯಿಲ್ಲ ಬಿಡಿ" ಅಂದ ಗಂಡ. ಕೆಲಸವನ್ನೇ ಬಿಟ್ಟುಬಿಡಲೂ ತಯಾರಿರುವವನ ದನಿ ಅದು. "ಏನೋ ಒಂದು. ಅಣ್ಣ, ನೀನು ಎತ್ತಿಕೋ" ಅಂದ ಗುಜರಿಯವನಿಗೆ.

ಹಿತ್ತಲಿನಲ್ಲಿ ಗುಜರಿಯವನು ಕುಲುಮೆಯ ಕಾಲಿಗೆ ಹಗ್ಗ ಹಾಕಿದ. ಅತ್ತೆ ಇಕ್ಕಳವನ್ನು ಮೊಳೆಯಿಂದ ಇಳಿಸಿ, ಸೆರಗಿನಿಂದ ಒರೆಸಿ, ಅದನ್ನೂ ಗಾಡಿಯ ಮೇಲೆ ಇಟ್ಟರು. ಒರೆಸಿದ್ದು ಯಾಕೋ. ಗುಜರಿಗೆ ಹೋಗುವುದನ್ನು ಯಾರೂ ಒರೆಸುವುದಿಲ್ಲ. ಸೊಸೆಗೆ ಅದನ್ನು ಮಾತ್ರ ನೋಡಿಕೊಂಡಿರಲು ಆಗಲಿಲ್ಲ.

ಅವಳು ಗಂಡನ ಪೆಟ್ಟಿಗೆಯಿಂದ ಉಕ್ಕು ಉಜ್ಜುವ ಅರ ತೆಗೆದುಕೊಂಡು ಬಂದು ಅವನ ಕೈಗೆ ಕೊಟ್ಟಳು. "ಉಜ್ಜಿ. ಬುಡದಿಂದ ತುದಿವರೆಗೆ."

"ಈಗ್ಯಾಕೆ?"

"ಉಜ್ಜಿ ಅಂದೆ."

ಗಟ್ಟಿ ಉಕ್ಕಿನ ಮೇಲೆ ಅರ ಗಾಜಿನ ಮೇಲಿನಂತೆ ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ. ಇದು ಆ ಮನೆಯಲ್ಲಿ ಜೀರುಂಡೆಗೂ ಗೊತ್ತು. ಗಂಡ ಬುಡದಲ್ಲಿ ಅರ ಇಟ್ಟು ಎಳೆದ. ಜಾರಿತು. ನಡುವಿನಲ್ಲೂ ಜಾರಿತು. ತುದಿಗೆ ಬರುತ್ತಲೂ ಗರಕ್ ಅಂತ ಕಚ್ಚಿ ನಿಂತಿತು. ಅವನು ಇನ್ನೊಂದು ಚಾಕು ತೆಗೆದ. ಬುಡ ಜಾರಿತು, ತುದಿ ಕಚ್ಚಿತು. ಅಮ್ಮನ ಬೆಂಕಿಯಿಂದ ಬಂದಿದ್ದ ಅಡುಗೆಮನೆಯ ಚಾಕುವನ್ನು ಸೊಸೆ ತಂದುಕೊಟ್ಟಳು. ಅದೂ ಹಾಗೆಯೇ.

ಎರಡು ಬೇರೆ ಬೇರೆ ಬೆಂಕಿ, ತಪ್ಪಿದ್ದು ಒಂದೇ ಜಾಗದಲ್ಲಿ. ಬೆಂಕಿಯಾದ ಮೇಲೆ ಎರಡೂ ಬಂದು ಸೇರುವುದು ಒಂದೇ ಕಡೆ. ಗಂಡ ಅರ ಹಿಡಿದುಕೊಂಡೇ ನಿಂತ. ಅಪ್ಪನ ಕಡೆ ನೋಡಲಿಲ್ಲ. ಅಲ್ಲಿದ್ದವರು ಯಾರೂ ನೋಡಲಿಲ್ಲ. ಮೀನಿನವಳು ಖಾಲಿ ಚೀಲವನ್ನು ಬಹಳ ಜಾಗ್ರತೆಯಿಂದ ಮಡಚಲು ಶುರುಮಾಡಿದಳು.

ಮಾವ ಯಂತ್ರದ ಸ್ವಿಚ್ಚು ಆರಿಸಿ, ಕೈ ಕೂಡ ತೊಳೆಯದೆ, ಒಳಗೆ ಹೋದರು.

"ಹಗ್ಗ ಬಿಚ್ಚಪ್ಪ" ಅಂದ ಗಂಡ ಗುಜರಿಯವನಿಗೆ.

"ಗಾಡಿ ಬಾಡಿಗೆ ಯಾರು ಕೊಡ್ತಾರೆ?"

"ನಾನೇ ಕೊಡ್ತೀನಿ, ಬಿಚ್ಚು."

ಅತ್ತೆ ಇಕ್ಕಳವನ್ನು ಗಾಡಿಯಿಂದ ತೆಗೆದುಕೊಂಡು ಸೊಸೆಯ ಪಕ್ಕದಲ್ಲಿ ಹಾದು ಹೋದರು. "ಮಾತು ಕೊಟ್ಟಿದ್ದೆ ನೀನು" ಅಂದರು.

"ನಾನು ಬಾಯಿ ಬಿಟ್ಟಿಲ್ಲ ಅತ್ತೆ."

"ಬಾಯಿಗಿಂತ ದೊಡ್ಡದನ್ನ ಬಿಟ್ಟೆ."

ಆಮೇಲಿನ ದಿನಗಳು ಸವೆದ ಬೆಲ್ಟಿನ ಹಾಗೆ ಹೋದವು. ಸದ್ದೆಲ್ಲ ಇತ್ತು, ಕೆಲಸ ಮುಂದೆ ಹೋಗುತ್ತಿರಲಿಲ್ಲ. ಅತ್ತೆ ಸೊಸೆಯೊಂದಿಗೆ ಮಾತು ಬಿಟ್ಟರು. ಉಪ್ಪು ಬೇಕಾದರೆ ಜೀರುಂಡೆಯನ್ನು ಕಳಿಸುತ್ತಿದ್ದರು. ಮಾವ ಜಗಲಿಯ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ನೋಡುತ್ತಿದ್ದರು, ಲೋಟದ ಪಂದ್ಯಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಗಂಡ ತಾನೇ ಅಂಚು ತೆಗೆಯುತ್ತೇನೆಂದು ಯಂತ್ರದ ಮುಂದೆ ನಿಂತ. ಅವನಿಗೆ ಬಿಸಿ ಚೆನ್ನಾಗಿಯೇ ತಿಳಿಯುತ್ತಿತ್ತು, ನೀರಿಗೆ ಅದ್ದುತ್ತಿದ್ದ. ಆದರೆ ಮೊಣಕೈ ಪಕ್ಕೆಗೆ ನಿಲ್ಲುತ್ತಿರಲಿಲ್ಲ. ಎಡ ಮಗ್ಗುಲು ಒಂದು ಲೆಕ್ಕ, ಬಲ ಮಗ್ಗುಲು ಇನ್ನೊಂದು ಲೆಕ್ಕ, ಅಂಚು ಹಾವು ಹರಿದ ಹಾಗೆ.

"ಒಂದು ತಿಂಗಳು ಕೊಟ್ಟರೆ ಕಲೀತೀನಿ" ಅಂದ ಸೊಸೆಗೆ.

"ಒಂದು ತಿಂಗಳು ಏನು ತಿನ್ನೋದು?"

"ಇದನ್ನೇ" ಅಂದ, ಹಾಳಾದ ಅಲಗು ತೋರಿಸಿ. ಇಬ್ಬರಿಗೂ ನಗು ಬಂದು ಅರ್ಧಕ್ಕೇ ನಿಂತಿತು.

ಜಗಲಿಯಿಂದ ಮಾವನಿಗೆ ಯಂತ್ರ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಒಮ್ಮೆ ಅವರು ಕೂತಲ್ಲಿಂದಲೇ, "ಬಾಗಿನ ಹತ್ತಿರ ಒತ್ತಡ ಬಿಡು, ಬುಡ ಎತ್ತು" ಅಂದರು. ಯಾರಿಗೆ ಅಂತ ಹೇಳಲಿಲ್ಲ. ಗಂಡ ಬುಡ ಎತ್ತಿದ. ತಡವಾಗಿತ್ತು.

ಒಂದು ಮಧ್ಯಾಹ್ನ ಎಲ್ಲರೂ ತಟ್ಟೆಯ ಮುಂದೆ ಕೂತಿದ್ದರು. ಮೊಟ್ಟೆಯ ಸಾರು, ಮಾತಿಲ್ಲದ ಊಟ. ಸೊಸೆ ಒಳಗೆ ಪಾತ್ರೆಗೆ ನೀರು ಬಿಟ್ಟಿದ್ದಳು. ಮಾವ ತಟ್ಟೆ ನೋಡುತ್ತಲೇ ಹೇಳಿದರು:

"ಬೆಂಕಿ ಸರಿಯಾಗೇ ಇತ್ತು."

ಅತ್ತೆ ಸೌಟನ್ನು ಪಾತ್ರೆಯೊಳಗೆ ಇಟ್ಟರು. "ಯಾರ ಬೆಂಕಿ?"

"ಎಲ್ಲರದೂ."

"ಎಲ್ಲರದೂ ಅಂತ ಒಂದು ಬೆಂಕಿ ನಮ್ಮ ಹಿತ್ತಲಲ್ಲಿ ಇಲ್ಲ."

ಮಾವ ಬಹಳ ಹೊತ್ತು ಅನ್ನ ಕಲಸಿದರು, ಚಮಚದಿಂದಲ್ಲ, ಕೈಯಿಂದಲೇ. "ನಿನ್ನ ಬೆಂಕಿ. ನಿನ್ನ ಹದ ಕೆಟ್ಟಿರ್ಲಿಲ್ಲ. ತುದಿ ನಾನು ಸುಟ್ಟೆ. ಸುಟ್ಟಿದ್ದನ್ನ ಉಜ್ಜಿ ಮುಚ್ಚಿದೆ."

ಗಂಡ ತಲೆ ತಗ್ಗಿಸಿದ. ಅತ್ತೆ ಅಡುಗೆಮನೆಯ ಕಡೆ ತಿರುಗಿದರು. "ಇನ್ನೊಂದು ಸಲ ಹೇಳಿ. ಒಳಗೆ ನಲ್ಲಿ ಬಿಟ್ಟಿದೆ, ಸೊಸೆಗೆ ಕೇಳಿಸಿರಲ್ಲ."

ಸೊಸೆ ನಲ್ಲಿ ನಿಲ್ಲಿಸಿದಳು. "ಕೇಳಿಸ್ತು ಅತ್ತೆ" ಅಂದಳು. ಅವರಿಬ್ಬರ ನಡುವೆ ಆ ವಾರ ನಡೆದ ಮೊದಲ ಮಾತು ಅದು, ಗೋಡೆಯ ಮೂಲಕ ಬಂದರೂ.

ಮಾರನೆಯ ಬೆಳಗ್ಗೆ ಹಿತ್ತಲಿನಲ್ಲಿ ಹೊಗೆ ಎದ್ದಿತು. ಅತ್ತೆ ಇಕ್ಕಳ ಹಿಡಿದು, ಕಣ್ಣು ಕಿರಿದು ಮಾಡಿ, ಗಂಡ ಕತ್ತರಿಸಿಟ್ಟಿದ್ದ ಅಲಗುಗಳನ್ನು ಒಂದೊಂದಾಗಿ ಎಣ್ಣೆಗೆ ಇಳಿಸಿದರು. ಮಧ್ಯಾಹ್ನದ ಮೇಲೆ, ಹದವಾಗಿ ತಣ್ಣಗಾದ ಮೊದಲ ಅಲಗನ್ನು ತೆಗೆದುಕೊಂಡು ಜಗಲಿಗೆ ಹೋಗಿ ಮಾವನ ಮಡಿಲಿಗೆ ಹಾಕಿದರು.

"ಏಳಿ."

"ನನ್ನ ಕೈಯಲ್ಲಿ ಆಗಲ್ಲ ಕಣೇ."

"ನಿಮ್ಮ ಕೈಯಲ್ಲಿ ಆಗಲ್ಲ ಅಂತ ಊರಿಗೇ ಗೊತ್ತಾಯ್ತು. ಬುಡ ನೀವು ಹಿಡೀರಿ, ಸೊಂಟ ನಿಮ್ಮದೇ ಇರಲಿ. ತುದಿ ಹಿಂದೆ ಬೆರಳು ನಾನು ಇಡ್ತೀನಿ."

"ಒಂದು ಒರೆಗೆ ಎರಡು ಕತ್ತಿ ಹಾಕ್ತಾರಾ?"

"ಇದು ಒಂದು ಕತ್ತಿಗೆ ಎರಡು ಕೈ. ಏಳಿ, ಬಿಸಿಲು ಇಳಿಯುತ್ತೆ."

ಮಾವ ಎದ್ದರು. ಮೊಣಕೈ ಪಕ್ಕೆಗೆ ಹೋಯಿತು. ಅತ್ತೆ ಸೆರಗು ಬಿಗಿದು, ಬಳೆ ತೆಗೆದು ಸೊಸೆಯ ಕೈಗೆ ಕೊಟ್ಟು, ಅವರ ಪಕ್ಕದಲ್ಲಿ ನಿಂತು ಅಲಗಿನ ಹಿಂದೆ ಎರಡು ಬರಿ ಬೆರಳು ಇಟ್ಟರು. ಯಂತ್ರ ಓಡಿತು. ಮೊದಲ ಎಳೆತಕ್ಕೆ ಇಬ್ಬರ ಸೊಂಟ ಎರಡು ದಿಕ್ಕಿಗೆ ಹೋಗಿ ಅಲಗು ಕಿರುಚಿತು.

"ನನ್ನ ಜೊತೆ ಬಾ."

"ನೀವು ಹೇಳಿ ಹೊರಡಿ. ಬಸ್ಸಿನ ಕಂಡಕ್ಟರೂ ರೈಟ್ ಅಂತಾನೆ."

"ರೈಟ್" ಅಂದರು ಮಾವ.

ಜೀರುಂಡೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಇಬ್ಬರೂ ತೂಗಿದರು, ಬುಡದಿಂದ ಬಾಗಿಗೆ, ಬಾಗಿನಿಂದ ತುದಿಗೆ. ಅತ್ತೆ ಮುಖ ಕಿವುಚಿದರು.

"ಬಿಸಿ. ನೀರು."

ಅದ್ದಿದರು. ಚುಸ್ಸೆಂದಿತು. ಮತ್ತೆ ರೈಟ್, ಮತ್ತೆ ನೀರು. ಕೆಲಸ ನಿಧಾನ, ಒಬ್ಬರು ಮಾಡುತ್ತಿದ್ದದ್ದಕ್ಕೆ ಅರ್ಧ ವೇಗವೂ ಇಲ್ಲ. ಎರಡು ಕೈ ಒಂದೇ ಅಲಗಿಗೆ ಹೋದರೆ ಕುಲುಮೆ ಯಾರು ನೋಡುವುದು, ಅಡುಗೆ ಯಾರದು, ಎಲ್ಲವೂ ಇನ್ನು ಸೊಸೆಯ ತಲೆಗೇ ಬರುತ್ತದೆಂದು ಅವಳಿಗೆ ಬಳೆ ಹಿಡಿದು ನಿಂತಲ್ಲಿಯೇ ಗೊತ್ತಾಯಿತು. ಮೀನಿನವಳು ಬರುತ್ತಾಳೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಅಲಗು ಬಕೀಟಿಗೆ ಬಂತು. ಅವಳು ತೊಳೆದು, ಒರೆಸಿ, ಅರ ತೆಗೆದುಕೊಂಡು ಬುಡದಲ್ಲಿ ಇಟ್ಟಳು. ಎಲ್ಲರೂ ನೋಡಿದರು. ಅರ ಜಾರಿತು, ನಡುವೆ ಜಾರಿತು, ಬಾಗಿನಲ್ಲಿ ಜಾರಿತು, ತುದಿ ದಾಟಿ ಗಾಳಿಗೆ ಹೋಯಿತು.

ಅತ್ತೆ ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು, "ಚಹಾ ಇಡಮ್ಮ" ಅಂದರು ಸೊಸೆಗೆ, ನೇರವಾಗಿ.

ಚಹಾ ಬಂದಾಗ ಮಾವ ಲೋಟಕ್ಕೆ ಕೈ ಚಾಚಿದರು. ಅಭ್ಯಾಸ. ಮುಟ್ಟುವ ಮೊದಲು ಕೈ ನಿಂತಿತು.

"ಬಿಸಿ ಇದ್ಯಾ?" ಅಂತ ಕೇಳಿದರು, ಹೆಂಡತಿಯನ್ನು.

ಅತ್ತೆ ಲೋಟದ ಹೊರಗೆ ಬೆರಳು ಇಟ್ಟು ನೋಡಿದರು. "ಇದೆ. ಸ್ವಲ್ಪ ತಾಳಿ, ಹೇಳ್ತೀನಿ."